ಮೊದಲ ಸಾಲಿಗೆ ಬಂದ ಹೆಲ್ಪ್

ನಮ್ಮ ಮನೆಯವರಿಗೆ ಮೊದಲು ಹೋದದ್ದು ಮಾತು. ನರಗಳ ಕಾಯಿಲೆ, ಒಂದೊಂದಾಗಿ ಎಲ್ಲವನ್ನೂ ತೆಗೆದುಕೊಂಡು ಹೋಗುತ್ತದೆ ಎಂದು ಅಹಮದಾಬಾದಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು. ನಾಲಿಗೆ ತೊದಲಿ ನಿಂತಿತು, ಕಾಲು ಸೋತವು, ಎಡಗೈ ಜೋತುಬಿತ್ತು. ಬಲಗೈ ಉಳಿದಿತ್ತು. ಅದನ್ನು ರಾಯರೇ ಉಳಿಸಿಕೊಟ್ಟರು ಎಂದು ಪ್ರತಿ ಗುರುವಾರ ಅವರ ಪಟಕ್ಕೆ ಹೂವಿಟ್ಟು ಹೇಳಿಕೊಳ್ಳುತ್ತಿದ್ದೆ.

ತುಮಕೂರು ಕಡೆಯವರಾದರೂ ನಮ್ಮ ಬದುಕೆಲ್ಲ ಅಹಮದಾಬಾದಿನ ಚಾಂದ್‌ಖೇಡಾದಲ್ಲೇ ಕಳೆದದ್ದು. ಅವರು ತೈಲ ಕಂಪನಿಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದರು. ರಿಟೈರ್ ಆದಮೇಲೆ ಕ್ವಾರ್ಟರ್ಸ್ ಬಿಟ್ಟು ಹತ್ತಿರದಲ್ಲೇ ನೆಲಮಹಡಿಯ ಮನೆ ಮಾಡಿದೆವು. ನೆಲಮಹಡಿಯೇ ಸಿಕ್ಕಿದ್ದು ಮುಂದೆ ವೀಲ್‌ಚೇರಿಗೆ ಎಷ್ಟು ಅನುಕೂಲವಾಯಿತು! ಆಗ ನಮಗೇನು ಗೊತ್ತಿತ್ತು?

ವಡೋದರಾದಲ್ಲಿ ಕೆಲಸದಲ್ಲಿರುವ ಮಗಳು ತನ್ನ ಹಳೆಯ ಕಂಪ್ಯೂಟರ್ ತಂದು ಊಟದ ಮೇಜಿನ ಮೇಲಿಟ್ಟಳು. ಅದರಲ್ಲಿ ಹಾಕಿದ್ದು ದುಡ್ಡಿಲ್ಲದೆ ಸಿಗುವ ಸಾಫ್ಟ್‌ವೇರ್. ಯಾವಯಾವುದೋ ದೇಶದ ಜನ ಸಂಬಳವಿಲ್ಲದೆ ಸೇರಿ ಅದನ್ನು ಮಾಡುತ್ತಾರಂತೆ. ಬಿಡುವಾದಾಗ ಇವಳೂ ಅವರಿಗೊಂದಿಷ್ಟು ಕೆಲಸ ಮಾಡಿಕೊಡುತ್ತಾಳೆ. ಮನೆಯವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವರು, ನಾನು ಕನ್ನಡಕ ಹಾಕಿಕೊಂಡು ಓದುವೆನು. ಹಾಗೆ ನಮ್ಮ ಮನೆಯಲ್ಲಿ ಮತ್ತೆ ಮಾತು ಶುರುವಾಯಿತು.

ಮಾತಾಡುತ್ತಿದ್ದ ಕಾಲಕ್ಕಿಂತ ಆಗಲೇ ಅವರು ಹೆಚ್ಚು ಮಾತಾಡಿದರು ಎನ್ನಬೇಕು. ಒಂದೇ ಬೆರಳು, ಹಕ್ಕಿ ಕಾಳು ಹೆಕ್ಕುವ ಹಾಗೆ ಪಟಪಟನೆ. ಸಾರಿಗೆ ಹುಣಸೆಹಣ್ಣು ಜಾಸ್ತಿಯಾಯಿತು ಎನ್ನುವರು. ಕೂಲರಿಗೆ ನೀರು ಹಾಕು ಎನ್ನುವರು. ಒಂದು ಬೆಳಿಗ್ಗೆ ನನ್ನ ಪೂಜೆ ಉದ್ದವಾಯಿತೆಂದು, ದೇವರಿಗೂ ಸ್ವಲ್ಪ ತಿಂಡಿಗೆ ಬಿಡುವು ಕೊಡೇ ಎಂದು ಹೊಡೆದಿಟ್ಟಿದ್ದರು. ನಾನು ಮುನಿಸಿಕೊಂಡಂತೆ ಮಾಡಿದೆ. ಒಳಗೆ ಹೋಗಿ ನಕ್ಕೆ.

ಬೇಸಿಗೆಯ ಒಂದು ಮಧ್ಯಾಹ್ನ ಅವರು ಮೇಜಿನ ಮುಂದೆಯೇ ತೂಕಡಿಸಿದರು. ಜೋತ ಎಡಗೈ ಜಾರದಿರಲೆಂದು ನಾನೇ ಅದನ್ನು ಕೀಬೋರ್ಡಿನ ಅಂಚಿಗೆ ಎತ್ತಿಡುತ್ತಿದ್ದೆ, ಅಂದೂ ಇಟ್ಟಿದ್ದೆ. ಎಚ್ಚರವಾದ ಮೇಲೆ ಏನೋ ಹೇಳಹೊರಟರು. ಬೆರಳು ಆಡಿತು, ಪರದೆಯಲ್ಲಿ ಅಕ್ಷರ ಬೀಳಲಿಲ್ಲ. ಮತ್ತೆ ಆಡಿಸಿದರು. ಇಲ್ಲ.

ಕೀಬೋರ್ಡ್ ಕೆಟ್ಟಿರಬೇಕು ಎಂದುಕೊಂಡು ನಾನು ಕೈ ಹಾಕಿದೆ. ಟೈಪಿಂಗ್ ಗೊತ್ತಿಲ್ಲದವಳು ನಾನು, ಒಂದೊಂದು ಕೀಲಿಯನ್ನೂ ಕರೆಗಂಟೆ ಒತ್ತಿದ ಹಾಗೆ ಒತ್ತಿ ಹಿಡಿಯುತ್ತೇನೆ. ಅಕ್ಷರ ಬಿತ್ತು. ಇನ್ನೊಂದು ಒತ್ತಿದೆ, ಅದೂ ಬಿತ್ತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಒತ್ತಿದರೆ ಬರುತ್ತದೆ, ಅವರು ಒತ್ತಿದರೆ ಬರುವುದಿಲ್ಲ. ಡಾಕ್ಟರು ಹೇಳಿದ್ದ ದಿನ ಬಂತು, ಬೆರಳಿಗೆ ಒತ್ತುವ ಶಕ್ತಿಯಿಲ್ಲ, ಬಲಗೈಯೂ ಹೋಯಿತು ಎಂದು ಅವರು ತಿಳಿದರು. ನಾನೂ ಹಾಗೇ ತಿಳಿದೆ.

ಅವರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು. ಆಮೇಲೆ ಮೇಜಿನ ಹತ್ತಿರ ಬರಲೇ ಇಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಗೆ ಕೈ ಕೊಡಲಿಲ್ಲ. ಚಮಚ ತಾವೇ ಹಿಡಿಯುತ್ತಿದ್ದವರು ಅದನ್ನೂ ಬಿಟ್ಟರು, ನಾನು ತಿನ್ನಿಸಬೇಕಾಯಿತು. ನನಗೇಕೆ ಹೊಳೆಯಲಿಲ್ಲ, ಚಮಚ ಹಿಡಿಯಬಲ್ಲ ಕೈ ಅದು ಎಂದು? ದುಃಖ ಬಂದಾಗ ಯಾವುದನ್ನೂ ಸರಿಯಾಗಿ ನೋಡುವುದಿಲ್ಲ. ಪಕ್ಕದ ಮನೆಯ ಗುಜರಾತಿ ಬೆನ್, ಅಂದರೆ ಅಕ್ಕ, ಬಂದು ಸಮಾಧಾನ ಹೇಳಿ ಹೋಗುತ್ತಿದ್ದರು. ಮಗಳಿಗೆ ಫೋನಿನಲ್ಲಿ ಕೈ ಸೋತಿದೆ ಎಂದಷ್ಟೇ ಹೇಳಿದೆ. ಅವಳು ರಜೆ ಸಿಕ್ಕಿದ ತಕ್ಷಣ ಬರುತ್ತೇನೆಂದು ಅತ್ತಳು. ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ.

ಮಗಳು ಬಂದಳು. ಅಪ್ಪನ ಹತ್ತಿರ ಕೂತಳು, ಊಟ ಮಾಡಿದಳು. ಆಮೇಲೆ ಆಫೀಸಿಗೆ ಏನೋ ಉತ್ತರ ಕಳಿಸಬೇಕೆಂದು ಮೇಜಿನ ಮುಂದೆ ಕೂತು ತನ್ನ ಅಭ್ಯಾಸದಂತೆ ಸರಸರನೆ ಹೊಡೆದಳು. ಒಂದಕ್ಷರವೂ ಬೀಳಲಿಲ್ಲ.

"ಅಮ್ಮ, ಈ ಕೀಬೋರ್ಡ್ ಖರಾಬ್ ಆಗಿದೆ" ಅಂದಳು.

"ಇಲ್ವಲ್ಲ, ನಾನು ಒತ್ತಿದ್ರೆ ಬರುತ್ತೆ."

"ಒತ್ತಿ ತೋರಿಸು."

ಒತ್ತಿ ತೋರಿಸಿದೆ. ಅವಳು ನನ್ನ ಬೆರಳನ್ನೇ ನೋಡಿದಳು. ಇನ್ನೊಮ್ಮೆ ಒತ್ತಿಸಿದಳು. ತಾನೂ ನನ್ನಂತೆ ಒತ್ತಿ ಹಿಡಿದಳು, ಅಕ್ಷರ ಬಿತ್ತು.

ಇದಕ್ಕೆ ಕಾರಣ ಕಂಪ್ಯೂಟರಿನ ಹೆಲ್ಪ್‌ನಲ್ಲೇ ಇರಬೇಕು ಎಂದು ಮೆನು ತೆರೆದಳು. ಅಲ್ಲಿ ಚಿತ್ರಗಳ ಸಾಲು: ಸಿನಿಮಾ ನೋಡುವುದು, ಹಾಡು ಕೇಳುವುದು, ಪತ್ರ ಬರೆಯುವುದು, ಎಲ್ಲ ಇದ್ದವು. ಹೆಲ್ಪ್ ಇರಲಿಲ್ಲ. ಹೆಸರು ಟೈಪ್ ಮಾಡಿದರೆ ಅದೇ ಹುಡುಕಿ ಕೊಡುತ್ತದಂತೆ, ಆದರೆ ಟೈಪ್ ಆಗದಿದ್ದ ಅಪ್ಪನಿಗೆ ಸಿಗುತ್ತಿತ್ತೇ ನೋಡೋಣವೆಂದು ಮೌಸಿನಲ್ಲೇ ಹುಡುಕಿದಳು. ಕೊನೆಗೆ ಯುಟಿಲಿಟೀಸ್ ಎಂಬ ಪೆಟ್ಟಿಗೆಯೊಳಗೆ, ಲೆಕ್ಕ ಮಾಡುವ ಯಂತ್ರ ಮತ್ತು ಯಾರೂ ಮುಟ್ಟದ ಇನ್ನೇನೇನೋ ಸಾಮಾನಿನ ನಡುವೆ, ಮೂಲೆಯಲ್ಲಿ ಸಿಕ್ಕಿತು.

ಅದರಲ್ಲಿ ಸರಳವಾಗಿ ಬರೆದಿತ್ತು. ಶಿಫ್ಟ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿಯೇ ಇಟ್ಟರೆ ಕಂಪ್ಯೂಟರಿನಲ್ಲಿ ನಿಧಾನ ಕೀಲಿ ಎಂಬ ಏರ್ಪಾಟು ಶುರುವಾಗುತ್ತದೆ. ಕೈ ನಡುಗುವವರಿಗಾಗಿ ಮಾಡಿದ ಉಪಕಾರ ಅದು. ಆಮೇಲೆ ಹಗುರವಾಗಿ ತಟ್ಟಿದ್ದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಒತ್ತಿ ಹಿಡಿದದ್ದನ್ನಷ್ಟೇ ತೆಗೆದುಕೊಳ್ಳುತ್ತದೆ. ಅವರು ತೂಕಡಿಸಿದಾಗ ಸತ್ತ ಎಡಗೈಯ ಭಾರ ಬಿದ್ದದ್ದು ಆ ಶಿಫ್ಟ್ ಕೀಲಿಯ ಮೇಲೆ.

ಮಗಳು ಅದನ್ನು ತೆಗೆದುಹಾಕಿ, ಅಪ್ಪನನ್ನು ಮೇಜಿನ ಹತ್ತಿರ ತಂದು, ಬಿಡಿಸಿ ಹೇಳಿದಳು. ಅವರು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು, ಯಾರದೋ ಕೈ ಎಂಬಂತೆ. ಆಮೇಲೆ ಬೆರಳು ಇಳಿಸಿದರು.

ಪರದೆಯ ಮೇಲೆ ಬಿದ್ದದ್ದು ಇಷ್ಟು: ಕೈ ಹೋಗಿಲ್ಲ.

ಅತ್ತರು. ಮಗಳೂ ಅತ್ತಳು. ನನಗೆ ಸಂತೋಷದ ಜೊತೆಗೆ ಹೊಟ್ಟೆಯುರಿಯೂ ಆಯಿತು. ಹೊಸ ಮಿಕ್ಸಿ ತಂದರೂ ಅದರ ಪುಸ್ತಕ ಪೂರ್ತಿ ಓದದೆ ಸ್ವಿಚ್ ಹಾಕಲು ಬಿಡದ ಮನುಷ್ಯ ಇವರು. ಆ ಹೆಲ್ಪ್ ಕಣ್ಣೆದುರಿಗೆ ಇದ್ದಿದ್ದರೆ ಅದೇ ಮಧ್ಯಾಹ್ನ ಮೌಸ್ ಸರಿಸಿ ತಾವೇ ಓದಿಕೊಳ್ಳುತ್ತಿದ್ದರು. ಇರುವುದೇ ಎಣಿಸಿದಷ್ಟು ದಿನ. ಅದರಲ್ಲಿ ಅಷ್ಟನ್ನು ಗೋಡೆ ನೋಡುತ್ತ ಕಳೆದರಲ್ಲ.

"ನಮ್ಮನೇಲಿ ಸುಟ್ಟ ಗಾಯದ ಮುಲಾಮು ಒಲೆ ಪಕ್ಕ ಇರುತ್ತೆ ಕಣೇ" ಎಂದೆ ಮಗಳಿಗೆ. "ಅಟ್ಟದ ಮೇಲೆ ಇಡ್ತಾರಾ ಯಾರಾದ್ರೂ? ನಿಮ್ಮೋರಿಗೆ ಹೇಳು."

ಅವಳು ಮೊದಲು ನಮ್ಮ ಕಂಪ್ಯೂಟರಿನಲ್ಲಿ ಹೆಲ್ಪನ್ನು ಎಳೆದು ತಂದು ಮೆನುವಿನ ಮೊದಲ ಸಾಲಿನಲ್ಲಿ ಇಟ್ಟಳು. ಆಮೇಲೆ ಆ ಸಾಫ್ಟ್‌ವೇರ್ ಮಾಡುವವರಿಗೆ ಬರೆದಳು, ನನ್ನ ಮುಲಾಮಿನ ಮಾತನ್ನೂ ಸೇರಿಸಿ. ಹೆಲ್ಪನ್ನು ಹೆಚ್ಚು ಜನ ತೆರೆಯುವುದಿಲ್ಲ, ಬೇಕಾದವರು ಟೈಪ್ ಮಾಡಿ ಹುಡುಕಿಕೊಳ್ಳಬಹುದು ಎಂದು ಒಬ್ಬರು ಉತ್ತರ ಕೊಟ್ಟರಂತೆ. ಟೈಪ್ ಮಾಡಲಾಗದವರಿಗೇ ಅದು ಬೇಕಾದದ್ದು ಎಂದು ಇವಳು ಮತ್ತೆ ಬರೆದಳು. ಅಷ್ಟು ದೂರದಲ್ಲಿ ಕೂತು ಬರೆಯುತ್ತಿದ್ದವರು ಕೆಟ್ಟವರೇನಲ್ಲ, ಅವಳ ಮಾತು ಕೇಳಿದರು. ಮುಂದಿನ ಸಲ ಸಾಫ್ಟ್‌ವೇರ್ ಹೊಸದಾಗಿ ಬಂದಾಗ ಹೆಲ್ಪ್ ಎಲ್ಲರಿಗೂ ಹೊರಗೇ ಕಾಣುವ ಹಾಗೆ ಇತ್ತಂತೆ. ದೇವರು ಯಾರಯಾರ ಕೈಯಿಂದ ಏನೇನು ಮಾಡಿಸುತ್ತಾನೋ!

ಆ ಮಳೆಗಾಲ ನಮಗೆ ಸಿಕ್ಕಿತು. ಅವರು ಮತ್ತೆ ಹುಣಸೆಹಣ್ಣಿನ ತಕರಾರು ತೆಗೆದರು, ಮಗಳ ಕನ್ನಡವನ್ನು ಆಡಿಕೊಂಡರು. ಮದುವೆಯಾದ ಹೊಸದರಲ್ಲಿ ನನ್ನನ್ನು ಒಬ್ಬಳೇ ಈ ಊರಿಗೆ ರೈಲಿನಲ್ಲಿ ಬರಹೇಳಿದ್ದಕ್ಕೆ ಬೇಜಾರಿದೆಯೇ ಎಂದು ಕೇಳಿದರು. ನಾನು ಮರೆತೇ ಬಿಟ್ಟಿದ್ದ ಸಂಗತಿ ಅದು. ಇಲ್ಲ ಎಂದೆ.

ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಮತ್ತೆ ಅಕ್ಷರ ಬೀಳಲಿಲ್ಲ. ಶಿಫ್ಟ್ ಇರಬೇಕು ಕಣ್ರೀ ಎಂದೆ. ಎಡಗೈಯನ್ನು ಈಗ ದಿಂಬಿನ ಮೇಲೆ ಇಡುತ್ತಿದ್ದೆನಾದರೂ ಹಾಗೆಂದೆ. ಅವರು ಅಂಗೈಯಿಂದ ಮೌಸನ್ನು ನೂಕಿ ನೂಕಿ ಮೆನು ತೆರೆದರು. ಹೆಲ್ಪ್ ಮೊದಲಿಗೇ ಇತ್ತು. ತೆರೆದರು, ಆ ಪುಟಕ್ಕೆ ಹೋದರು, ಅದು ಹೇಳಿದ ಜಾಗ ತಲುಪಿದರು. ಬಹಳ ಹೊತ್ತು ಹಿಡಿಯಿತು, ಆದರೆ ನನ್ನನ್ನು ಮುಟ್ಟಲು ಬಿಡಲಿಲ್ಲ.

ನಿಧಾನ ಕೀಲಿ ಆಫ್ ಆಗಿಯೇ ಇತ್ತು.

ಇನ್ನೊಮ್ಮೆ ಓದಿದರು. ನಾನೂ ಓದಿದೆ. ಈ ಸಲ ತಪ್ಪು ಕಂಪ್ಯೂಟರಿನದಲ್ಲ. ಅವರು ಗೋಡೆಯ ಕಡೆ ತಿರುಗಲಿಲ್ಲ, ನನ್ನ ಮುಖವನ್ನೇ ನೋಡಿದರು. ಗೊತ್ತಾಯಿತಲ್ಲ ಎನ್ನುವ ಹಾಗಿತ್ತು ಆ ನೋಟ. ಸುಳ್ಳು ಸುದ್ದಿಗೆ ಎದೆಗುಂದಿದ್ದ ಮನುಷ್ಯ ನಿಜ ಸುದ್ದಿಯನ್ನು ನನ್ನೆದುರಿಗೆ ತಾವೇ ಓದಿ ತಿಳಿದುಕೊಂಡರು. ಅಷ್ಟನ್ನು ದೇವರು ಕೊಟ್ಟ.

"ಕಾಫಿ ಕುಡೀತೀರಾ?" ಎಂದೆ.

ಕಣ್ಣು ಮುಚ್ಚಿ ತೆರೆದರು. ಅದು ಹೌದು ಎಂದು ಅಲ್ಲೇ, ಆಗಲೇ ಗೊತ್ತುಮಾಡಿಕೊಂಡೆವು. ನಾನು ಹಾಲು ಬಿಸಿಗಿಟ್ಟೆ.