ಮೊದಲ ಗುಂಡು

ಕಲಬುರಗಿಯ ಸ್ಕೂಟರ್ ಮಿಸ್ತ್ರಿ ಲಾಲ್ ಅಹ್ಮದ್ ಚಿಕ್ಕಂದಿನಲ್ಲಿ ಮಾಡಿದ ಆಟಿಕೆ ಬಂದೂಕಿನಿಂದ ಅವರ ತಮ್ಮನ ಕಣ್ಣು ಹೋಗಿತ್ತು. ಹಾಗಾಗಿ ಕಮಲಾಪುರದ ಬಾಳೆತೋಟದ ಧೀರೇಂದ್ರರಾವ್ ಮಂಗಗಳನ್ನು ಓಡಿಸಲು ಬಣ್ಣದ ಗುಂಡಿನ ಬಂದೂಕು ಕೇಳಿದಾಗ ಲಾಲ್ ಅಹ್ಮದ್ ಮೂರು ಸಲ ಒಲ್ಲೆ ಎಂದರು.

“ಹನುಮಪ್ಪನ ಜೀವ. ಬರೇ ಬಣ್ಣ ಹತ್ತಿದ್ರ ಸಾಕ್ರಿ ಚಾಚಾ,” ಎಂದು ಧೀರೇಂದ್ರರಾವ್ ಹೇಳಿದ ಮೇಲೆ ಲಾಲ್ ಅಹ್ಮದ್ ಪೈಪು, ಸ್ಪ್ರಿಂಗು ಜೋಡಿಸಿದರು. ಮೊದಲ ಗುಂಡು ತಮ್ಮ ತೊಡೆಗೇ ಹೊಡೆದುಕೊಂಡರು, ಚರ್ಮ ನೀಲಿಗಟ್ಟಿತು. ಆಮೇಲೆ ನೋವಾಗದಷ್ಟು ಸ್ಪ್ರಿಂಗು ಕತ್ತರಿಸಿದರು.

ತೋಟದಲ್ಲಿ ಬೆನ್ನಿಗೆ ಬಣ್ಣ ಬಿದ್ದ ಮಂಗ ಅದನ್ನು ಮೂಸಿ, ಮತ್ತೆ ಬಾಳೆಗೊನೆಗೆ ಕೈ ಹಾಕಿತು.

“ನೋವಾಗಬೇಕ್ರಿ ಅದಕ್ಕ. ಗಟ್ಟಿ ಸ್ಪ್ರಿಂಗ್ ಹಾಕ್ರಿ!” ಎಂದರು ಧೀರೇಂದ್ರರಾವ್.

ಲಾಲ್ ಅಹ್ಮದ್ ಹಾಕಿದರು. ಬಂದೂಕನ್ನು ಅವರತ್ತ ಚಾಚಿದರು.

“ಮೊದಲನೇದು ನನ್ನ ತೊಡಿಗೆ ಹೊಡಕೊಂಡೀನಿ. ಇದು ನಿಮ್ಮ ತೊಡಿಗೆ ಹೊಡಕೊಳ್ರಿ.”

ಧೀರೇಂದ್ರರಾವ್ ಬಂದೂಕು ಮುಟ್ಟಲಿಲ್ಲ.