ನಾಲ್ಕನೇ ಮಹಡಿಯ ವೈಫೈ

ಬ್ರೈಲಾ ಪಟ್ಟಣದ ಆ ಎಂಟು ಮಹಡಿಯ ಕಟ್ಟಡದಲ್ಲಿ ಜಂಫೀರಾಳ ಕೈತುತ್ತು ತಿನ್ನದೆ ಬೆಳೆದ ಮಕ್ಕಳು ಕಡಿಮೆ. ಕೆಲಸ ಮಾಡುತ್ತಿದ್ದ ಶಿಶುವಿಹಾರ ಮುಚ್ಚಿದ ಮೇಲೆ ಆಕೆ ನಾಲ್ಕನೇ ಮಹಡಿಯ ತನ್ನ ಎರಡು ಕೋಣೆಗಳಲ್ಲೇ ಐದು ಕೂಸುಗಳನ್ನು ನೋಡಿಕೊಳ್ಳುತ್ತಿದ್ದಳು. ಗಂಡನಿಲ್ಲ, ಬೇರೆ ಕಸುಬು ಗೊತ್ತಿಲ್ಲ. ಬೆಳಿಗ್ಗೆ ಹಾಲಿನಲ್ಲಿ ಬೆಂದ ರವೆ, ಮೇಲೆ ಚೆರ್ರಿ ಜಾಮು, ಮಧ್ಯಾಹ್ನ ಸೂಪು. ಉಂಡು ಸಾಲಾಗಿ ಮಲಗಿದ ಮೇಲೆ ಯಾವುದರ ಬೆನ್ನು ತಟ್ಟಬೇಕು, ಯಾವುದರ ಕಿವಿ ಸವರಬೇಕು ಎಂಬುದು ಅವಳ ಕೈಗೇ ಗೊತ್ತಿತ್ತು.

ವೈಫೈ ಬೇಕೆಂದವಳು ಎರಡು ವರ್ಷದ ಇಲಿಂಕಾಳ ತಾಯಿ ರಲೂಕಾ. ಹೊಲಿಗೆ ಕಾರ್ಖಾನೆಯ ಕೆಲಸ ಅವಳದು. "ಹಾಕಿಸಿ ಅಕ್ಕಾ. ಊಟದ ಹೊತ್ತಲ್ಲಿ ಫೋನಲ್ಲಾದ್ರೂ ಮಗು ಮುಖ ನೋಡ್ತೀನಿ" ಎಂದಳು.

ಕೆಳಗಿನ, ಮೂರನೇ ಮಹಡಿಯ ನೇಲು ಬಂದು ರೂಟರ್ ಕೂರಿಸಿಕೊಟ್ಟ.

"ಪಾಸ್‌ವರ್ಡ್ ಎರಡಿರುತ್ತೆ ಅಕ್ಕಾ. ಒಂದು ವೈಫೈಗೆ ಸೇರೋಕೆ. ಇನ್ನೊಂದು ಈ ಪೆಟ್ಟಿಗೇದು, ಅದು ಗೊತ್ತಿದ್ದೋನೇ ಪೆಟ್ಟಿಗೆಗೆ ಯಜಮಾನ. ಕಂಪನಿಯವರು ಅಡೀಲಿ ಅಂಟಿಸಿರೋದೇ ಇರ್ಲಿ. ಬದಲಾಯಿಸಿದ್ರೆ ನಾಳೆ ನೀವು ಮರೆತು ನನ್ನ ಬಾಗಿಲು ಬಡೀತೀರ."

"ಯಾವ ಮಗೂಗೆ ಯಾವತ್ತು ಹಲ್ಲು ಬಂತು ಅಂತ ನೆನಪಿಟ್ಕೊಂಡಿರೋಳು ಕಣೋ ನಾನು!" ಎಂದು ನಕ್ಕಳು. ಆದರೆ ಬದಲಾಯಿಸಲಿಲ್ಲ. ಅವನಿಗೆ ಪ್ಲಮ್ ಹಣ್ಣಿನ ಕಡುಬು ಕಟ್ಟಿಕೊಟ್ಟಳು.

ಚಳಿ ಬೀಳುವ ಮೊದಲೇ ಮಕ್ಕಳು ಒಂದೊಂದಾಗಿ ಬರುವುದು ಬಿಟ್ಟವು. ಒಬ್ಬ ತಾಯಿಯ ಮನೆಗೆ ಅತ್ತೆ ಬಂದರಂತೆ, ಇನ್ನೊಬ್ಬಳಿಗೆ ರಜೆಯಂತೆ. ಕೊನೆಗೊಂದು ಸೋಮವಾರ ಇಲಿಂಕಾಳೂ ಬರಲಿಲ್ಲ. ಮಾಡಿಟ್ಟ ರವೆ ತಟ್ಟೆಯಲ್ಲೇ ಗಟ್ಟಿಯಾಯಿತು.

ಆ ದಿನ ಬ್ರೆಡ್ ಅಂಗಡಿಯಾಕೆ ಚಿಲ್ಲರೆ ಕೊಡುತ್ತಾ ಮುಖ ನೋಡದೆ ಹೇಳಿದಳು: "ನಿಮ್ಮ ಮಹಡೀಲಿ ನಿಂತ್ಕೊಂಡು ಫೋನಲ್ಲಿ ವೈಫೈ ಪಟ್ಟಿ ತೆಗೆದು ನೋಡಿ. ಇಡೀ ಕಟ್ಟಡ ಓದಿ ಆಯ್ತು, ನೀವೊಬ್ರೇ ಬಾಕಿ."

ಅವಳ ಫೋನು ತಾನಾಗಿ ವೈಫೈಗೆ ಸೇರಿಕೊಳ್ಳುತ್ತಿತ್ತು. ಪಟ್ಟಿ ತೆರೆಯುವ ಪ್ರಮೇಯವೇ ಬಂದಿರಲಿಲ್ಲ. ಈಗ ತನ್ನ ಮಹಡಿಯ ಮೆಟ್ಟಿಲ ಬಳಿ ನಿಂತು ತೆರೆದಳು. ಒಬ್ಬರ ಮನೆಹೆಸರು, ಒಬ್ಬರ ಬೆಕ್ಕಿನ ಹೆಸರು, ಒಬ್ಬರ ಫುಟ್‌ಬಾಲ್ ತಂಡ. ಅವುಗಳ ನಡುವೆ: "ಜಂಫೀರಾ ಮಕ್ಕಳನ್ನು ಹೊಡೆಯುತ್ತಾಳೆ."

ಫೋನು ಹಿಡಿದು ನೆಲಮಹಡಿಯಿಂದ ಎಂಟನೆಯದರವರೆಗೆ ಹತ್ತಿದಳು. ಆ ಹೆಸರಿನ ಪಕ್ಕದ ಸಿಗ್ನಲ್ ಗೆರೆಗಳು ಕೆಳಗೆ ಒಂದೇ ಒಂದು, ಮೇಲೆ ಒಂದೂ ಇಲ್ಲ, ನಾಲ್ಕರಲ್ಲಿ ಪೂರ್ತಿ. ಎದುರುಮನೆಗೆ ವರ್ಷದಿಂದ ಬೀಗ ಹಾಕಿತ್ತು. ಉಳಿದದ್ದು ತನ್ನದೇ ಮನೆ. ಅಡುಗೆಮನೆಗೆ ಹೋಗಿ ರೂಟರಿನ ಪ್ಲಗ್ ಕಿತ್ತಳು. ಹೆಸರು ಆರಿಹೋಯಿತು.

ಕಂಪನಿಗೆ ಫೋನು ಮಾಡಿದಾಗ ಒಂದು ಹುಡುಗಿ ಹೇಳಿಕೊಟ್ಟಳು: "ಪೆಟ್ಟಿಗೆ ಪಾಸ್‌ವರ್ಡ್ ಗೊತ್ತಿರೋರು ಯಾರೋ ಅದರೊಳಗೇ ಇನ್ನೊಂದು ವೈಫೈ ತೆರೆದು, ಆ ಹೆಸರಿಟ್ಟಿದಾರಮ್ಮ. ಹಿಂದೆ ಸಣ್ಣ ತೂತಿದೆಯಲ್ಲ, ಸೂಜಿ ಒತ್ತಿ ಹಿಡಿದು ಹತ್ತು ಎಣಿಸಿ. ಎಲ್ಲ ಅಳಿಸಿ ಹೊಸದಾಗುತ್ತೆ. ಆಮೇಲೆ ಎರಡೂ ಪಾಸ್‌ವರ್ಡ್ ಬದಲಾಯಿಸಿ."

ಜಂಫೀರಾ ಹತ್ತು ಎಣಿಸಿದಳು. ಎರಡೂ ಬದಲಾಯಿಸಿದಳು. ಸಂಜೆ ಮೂರನೇ ಮಹಡಿಗಿಳಿದು ಬಾಗಿಲು ತಟ್ಟಿದಳು. ನೇಲು ತೆರೆದ. ಅವನ ಕಾಲ ಬಳಿ ಐದು ಜೊತೆ ಪುಟ್ಟ ಬೂಟುಗಳು. ಒಂದೊಂದರ ಲಾಡಿಯನ್ನೂ ಅವಳು ಕಟ್ಟಿದ್ದವಳೇ.

"ಪೆಟ್ಟಿಗೆಗೆ ಯಜಮಾನ ನೀನೇ ಅಲ್ವೇನೋ?"

"ಯಾರು, ನಾನಾ? ಪೆಟ್ಟಿಗೇಲಿ ತೋರ್ಸಿ ನೋಡೋಣ."

"ಅದನ್ನ ಅಳಿಸಿದೆ."

ನೇಲು ನಕ್ಕ. "ಅಯ್ಯೋ ಅಕ್ಕಾ! ಯಾವ ಫೋನಿಂದ ಯಾವಾಗ ಒಳಗೆ ಬಂದ್ರು ಅನ್ನೋದೂ ಅದ್ರಲ್ಲೇ ಇರ್ತಿತ್ತೇನೋ. ತೊಳೆದುಬಿಟ್ರಾ? ಆ ಹೆಸರು ಬಂದಿದ್ದು ನಿಮ್ಮ ಪೆಟ್ಟಿಗೆಯಿಂದ, ಅಳಿಸಿದ್ದೂ ನೀವೇ. ಜನ ಏನಂದ್ಕೋಬೇಕು?"

"ಬಾಗಿಲು ಹಾಕ್ರೀ, ಮಕ್ಕಳಿಗೆ ಗಾಳಿ ಬಡಿಯುತ್ತೆ" ಎಂದು ಒಳಗಿನಿಂದ ಅವನ ಹೆಂಡತಿ ಅಗ್ಲಾಯ ಕೂಗಿದಳು.

ಅಷ್ಟರಲ್ಲಿ ಮಗುವನ್ನು ಕರೆದೊಯ್ಯಲು ರಲೂಕಾ ಮೆಟ್ಟಿಲೇರಿ ಬಂದಳು. ಜಂಫೀರಾ ಅವಳ ಕೈ ಹಿಡಿದಳು. "ದಿನಾ ಫೋನಲ್ಲಿ ನೋಡ್ತಿದ್ಯಲ್ಲಮ್ಮ. ಒಂದು ದಿನ ಮಗು ಮೈಮೇಲೆ ಗೀರು ಕಂಡಿದ್ಯಾ?"

"ಫೋನ್ ಮುಂದೆ ಯಾರು ಹೊಡೀತಾರೆ ಅಕ್ಕಾ?" ಎಂದು ರಲೂಕಾ ಕೈ ಬಿಡಿಸಿಕೊಂಡಳು.

ಅಗ್ಲಾಯ ಇಲಿಂಕಾಳನ್ನು ಎತ್ತಿ ತಂದು ತಾಯಿಯ ತೋಳಿಗೆ ಕೊಟ್ಟಳು. ಜಂಫೀರಾಳನ್ನು ಕಂಡದ್ದೇ ತಡ, ಮಗು ಎರಡೂ ಕೈ ಚಾಚಿ ಅವಳತ್ತ ಬಾಗಿತು. ರಲೂಕಾ ಎಳೆದು ಅವುಚಿಕೊಂಡಳು. ಮಗು ಬೆನ್ನು ಬಿಲ್ಲಾಗಿಸಿ, ಕಾಲು ಝಾಡಿಸಿ ಕಿರುಚತೊಡಗಿತು.

"ನನ್ನ ಹತ್ರ ಬರೋಕೆ ಅಳ್ತಿದೆ ಕಣಮ್ಮ."

"ಮುಖ ಕಂಡ್ರೇ ಹೀಗೆ ಬೆಚ್ಚಿಬೀಳುತ್ತೆ ಅಂದ್ರೆ, ಎಷ್ಟು ಹೊಡ್ದಿರ್ಬೇಕು!" ರಲೂಕಾಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಪಾಪಿ ನಾನು. ಒಂದು ವರ್ಷ ನಿಮ್ಮ ಕೈಗೆ ಕೊಟ್ಟಿದ್ನಲ್ಲ."

ಮೇಲೆ ಕೆಳಗೆ ಬಾಗಿಲುಗಳು ತೆರೆದವು. ಮಗು ಸುಮ್ಮನಾಗಲೆಂದು ಜಂಫೀರಾ ಹಿಂದೆ ಸರಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಅವಳು ದೂರವಾದಷ್ಟೂ ಮಗು ಇನ್ನೂ ಜೋರಾಗಿ ಅತ್ತಿತು.