ಮೂವತ್ತಡಿ ಹಗ್ಗದ ಆ ತುದಿ

ದೆವ್ವ, ಗಾಳಿ, ಸೋಕು ಎಂದವರನ್ನು ಎದುರಿಗೇ ಆಡಿಕೊಂಡು ನಗುತ್ತಿದ್ದವಳು ನಾನು. ನಮ್ಮ ಓರಗಿತ್ತಿ ಒಂದು ಸಂಜೆ ಕ್ಯಾರೆಟ್ ಹೊಲದಲ್ಲಿ ಬಿಳಿ ಸೀರೆಯವಳನ್ನು ಕಂಡೆನೆಂದು ಮೂರು ದಿನ ಜ್ವರ ಹಿಡಿದು ಮಲಗಿದ್ದಳು. ಅದು ನಾನೇ ಒಣಹಾಕಿದ್ದ ಗೊಬ್ಬರದ ಚೀಲ ಎಂದು ಹೇಳಿ ಕೇರಿಯವರನ್ನೆಲ್ಲ ನಗಿಸಿದ್ದೆ. ಪಾಪ, ಅವಳು ಒಂದು ವರ್ಷ ನನ್ನೊಡನೆ ಮಾತು ಬಿಟ್ಟಳು. ಇದನ್ನು ಓದಿ ನೀವೂ ನಗಬಹುದು. ನಗಿ, ನನಗೇನೂ ಬೇಜಾರಿಲ್ಲ. ನಿಮಗೆ ಹೀಗಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ನಾವು ಗುಂಡ್ಲುಪೇಟೆ ಕಡೆಯವರು. ನಮ್ಮ ಮಾವನವರ ಕಾಲದಿಂದ ಊಟಿ ಬೆಟ್ಟದಲ್ಲಿ, ಇತ್ತಲಾರ್ ಊರಿನ ಆಚೆ, ಎಮರಾಲ್ಡ್ ಡ್ಯಾಮಿನ ಮೇಲಿನ ಇಳಿಜಾರಿನಲ್ಲಿ ಕ್ಯಾರೆಟ್ಟು, ಆಲೂಗಡ್ಡೆ ಬೆಳೆಯುತ್ತಿದ್ದೇವೆ. ಮನೆಯ ಪಕ್ಕದಲ್ಲಿ ಎರಡು ಕೋಣೆ ಕಟ್ಟಿ ಪ್ರವಾಸಿಗರಿಗೆ ಕೊಡಲು ಶುರು ಮಾಡಿದಾಗ, ನಾಯಿ ಸಾಕಿದವರಿಗೆ ಸುತ್ತಮುತ್ತ ಯಾರೂ ಜಾಗ ಕೊಡುವುದಿಲ್ಲ ಎಂಬುದು ತಿಳಿಯಿತು. ಸರಿ, ‘ನಾಯಿಗೂ ಜಾಗವಿದೆ’ ಎಂದು ಬೋರ್ಡು ಬರೆಸಿ ಹಾಕಿದೆ. ಬಂದವರ ನಾಯಿಗಳನ್ನು ಡ್ಯಾಮಿನ ನೀರಿನ ಸುತ್ತ, ಟೀ ತೋಟದ ಏರಿನ ಮೇಲೆ ತಿರುಗಾಡಿಸಿಕೊಂಡು ಬರುವುದು ನನ್ನ ಕೆಲಸವಾಯಿತು. ಒಂದೇ ಕಟ್ಟುನಿಟ್ಟು, ಎಂಥ ಬುದ್ಧಿವಂತ ನಾಯಿಯಾದರೂ ಹಗ್ಗ ಬಿಚ್ಚುವ ಹಾಗಿಲ್ಲ. ನಮ್ಮ ಕಡೆ ಚಿರತೆಗೆ ನಾಯಿ ಎಂದರೆ ಹಬ್ಬದೂಟ.

ಕೆಲವು ವರ್ಷಗಳ ಹಿಂದೆ ಒಂದು ಏಪ್ರಿಲ್ ಕೊನೆಯಲ್ಲಿ ಕೊಯಮತ್ತೂರಿನಿಂದ ಒಬ್ಬ ನಿವೃತ್ತ ಟೀಚರಮ್ಮ ಬಂದರು. ಮನೆಮಾತು ಕನ್ನಡವೇ, ಆದರೆ ನಡುನಡುವೆ ತಮಿಳು ನುಸುಳುತ್ತಿತ್ತು, ನನ್ನನ್ನು ಮುದ್ದಿನಿಂದ ‘ಕಣ್ಣು’ ಎನ್ನುತ್ತಿದ್ದರು. ಅವರ ಜೊತೆ ಕಮಲಿ ಎಂಬ ಕಂದು ಬಣ್ಣದ ಮುದಿ ಹೆಣ್ಣುನಾಯಿ. ಕಮಲಿಗೆ ಎರಡು ಕಿವಿಯೂ ಪೂರ್ತಿ ಕಿವುಡು. ಟೀಚರಮ್ಮನಿಗೆ ಮನೆಯಲ್ಲಿ ಬೇರೆ ಯಾರೂ ಇಲ್ಲ. ಊಟಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳ ಮದುವೆಗೆ ಒಂದು ರಾತ್ರಿ ಹೋಗಿಬರಬೇಕಿತ್ತು. ಛತ್ರಕ್ಕೆ ನಾಯಿ ಕರೆದೊಯ್ಯುವಂತಿಲ್ಲ. ಹೊರಡುವಾಗ ನನ್ನ ಎರಡು ಕೈಯನ್ನೂ ಹಿಡಿದುಕೊಂಡರು.

“ಕೂಗಿದ್ರೆ ಅವಳಿಗೆ ಕೇಳಲ್ಲ, ಕಣ್ಣು. ಹಗ್ಗದಲ್ಲೇ ಮಾತು. ಒಂದು ಸರ್ತಿ ಎಳೆದ್ರೆ ನಿಂತ್ಕೋ ಅಂತ. ಎರಡು ಸರ್ತಿ ಎಳೆದ್ರೆ ಬಾ ಅಂತ. ನಿಮಗೆ ಇಷ್ಟು ಸಾಕು,” ಎಂದರು. “ಇವಳನ್ನ ಬಿಟ್ಟು ನಾನು ಒಂದು ದಿನ ಕೂಡ ಇದ್ದದ್ದಿಲ್ಲ.”

“ನನ್ನ ಜೀವ ಹೋದರೂ ನಿಮ್ಮ ನಾಯಿಗೆ ಏನೂ ಆಗಲ್ಲ, ನಡೀರಿ,” ಎಂದು ಜಂಬದಿಂದ ಹೇಳಿ ಬಸ್ಸು ಹತ್ತಿಸಿದೆ.

ಮಧ್ಯಾಹ್ನ ಮೂರೂವರೆಗೆ ಕಮಲಿಯನ್ನು ಹೊರಡಿಸಿದೆ. ಮೂವತ್ತಡಿ ಉದ್ದದ ಹಗ್ಗ, ಅದರ ತುದಿಯ ಕೊಕ್ಕೆ ಸಡಿಲವಾಗಿತ್ತು. ನನಗೆ ಅದು ಸರಿಬರಲಿಲ್ಲ. ಕೊಕ್ಕೆಯನ್ನು ತೆಗೆದುಹಾಕಿ, ಅವಳ ಎದೆಯ ಬೆಲ್ಟಿನಲ್ಲಿದ್ದ ಕಬ್ಬಿಣದ ಬಳೆಯೊಳಗೆ ಹಗ್ಗ ತೂರಿಸಿ, ಕ್ಯಾರೆಟ್ ಮೂಟೆಗೆ ಹಾಕುವ ಗಂಟನ್ನು ಬಿಗಿದೆ. ಇಪ್ಪತ್ತು ವರ್ಷದಿಂದ ಹಾಕುತ್ತಿರುವ ಗಂಟು ಅದು. ಕುಯ್ದರೆ ಬಿಡಬೇಕೇ ಹೊರತು ಎಳೆದರೆ ಬಿಡುವುದಲ್ಲ.

ದಾರಿಯಲ್ಲಿ ಟೀ ಎಲೆ ತೂಕ ಹಾಕುವ ಶೆಡ್ಡಿನ ಮುಂದೆ ಭೋಜಣ್ಣ ಕೂತಿದ್ದರು. ಈ ಬೆಟ್ಟದಲ್ಲೇ ಹುಟ್ಟಿ ಬೆಳೆದ ಬಡಗರ ಹಟ್ಟಿಯ ಹಿರಿಯರು, ಅವರದೂ ಒಂದೆರಡು ಎಕರೆ ಟೀ ಇದೆ. ನಮ್ಮೊಡನೆ ಮಾತಾಡುವಾಗ ತಮ್ಮ ಮಾತನ್ನು ಆದಷ್ಟೂ ನಮ್ಮ ಕನ್ನಡಕ್ಕೆ ಬಗ್ಗಿಸುತ್ತಾರೆ. “ಅಕ್ಕಾ, ಮಂಜು ಬತ್ತದೆ. ಆಚೆ ಕಡೆ ಹೋಗ್ಬೇಡಿ ಇವತ್ತು,” ಎಂದರು. ಮಂಜಿಗೆ ಹೆದರಿ ಮನೆಯಲ್ಲಿ ಕೂತರೆ ಇಲ್ಲಿ ವರ್ಷದಲ್ಲಿ ಆರು ತಿಂಗಳು ಕೂತೇ ಇರಬೇಕಾಗುತ್ತದೆ ಎಂದು ನಕ್ಕು ಮುಂದೆ ನಡೆದೆ.

ಬೇಸಿಗೆಯಾದ್ದರಿಂದ ನೀರು ಬಹಳ ಕೆಳಗೆ ಇಳಿದಿತ್ತು. ದಡದ ಸುತ್ತ ಅಗಲವಾಗಿ ಕೆಸರು ಬಿಟ್ಟುಕೊಂಡಿತ್ತು. ಮೇಲೆ ಬಿಸಿಲಿಗೆ ಒಣಗಿ ಬಿರುಕುಬಿಟ್ಟಂತೆ ಕಾಣುತ್ತದೆ, ಕಾಲಿಟ್ಟರೆ ಒಳಗೆ ಹಸಿ. ಹಿಂದಿನ ವರ್ಷ ಅದರಲ್ಲಿ ಒಂದು ತುಂಬುಗಬ್ಬದ ಹಸು ಮುಳುಗಿತ್ತು. ನಾವು ಆ ಕೆಸರನ್ನು ಸುತ್ತುಹಾಕಿಕೊಂಡು ಆಚೆ ದಡದ ವಾಟಲ್ ಮರಗಳ ನಡುವೆ ಹೋಗುತ್ತಿರುವಾಗ ಮಂಜು ಬಂತು. ನೋಡನೋಡುತ್ತಿದ್ದಂತೆ ನೀರು ಹೋಯಿತು, ಮರ ಹೋಯಿತು, ನನ್ನ ಕೈಯಿಂದ ಹೊರಟ ಹಗ್ಗ ಆರೇಳು ಅಡಿಯಲ್ಲಿ ಮಾಯವಾಯಿತು. ಕಮಲಿ ಅದರ ಆ ತುದಿಯಲ್ಲಿ, ಎಲ್ಲೋ ಮುಂದೆ ಇದ್ದಳು.

ಆಗ ಎಡಗಡೆಯಿಂದ ಏನೋ ಭುಸ್ ಎಂದಿತು. ಕಾಟಿಯೋ, ಹಂದಿಯೋ, ನನಗೆ ಕಾಣಿಸಲಿಲ್ಲ. ಹಗ್ಗ ಕೈ ಕಿತ್ತುಹೋಗುವ ಹಾಗೆ ಒಮ್ಮೆ ಜಗ್ಗಿತು, ಸಡಿಲವಾಯಿತು. ಚಿರತೆ ಎತ್ತಿಕೊಂಡು ಹೋಯಿತು ಎಂದೇ ಅಂದುಕೊಂಡೆ. ಟೀಚರಮ್ಮನಿಗೆ ಯಾವ ಮುಖ ತೋರಿಸಲಿ? ಕಿವುಡು ಎಂಬುದನ್ನೂ ಮರೆತು “ಕಮಲೀ, ಕಮಲೀ” ಎಂದು ಅರಚಿಕೊಂಡೆ. ಅಷ್ಟರಲ್ಲಿ ಹಗ್ಗ ಮೆಲ್ಲನೆ ಮತ್ತೆ ಬಿಗಿಯಾಯಿತು. ಅಪ್ಪಾ ಮಾದಪ್ಪಾ, ಬದುಕಿದ್ದಾಳೆ! ಕಣ್ಣಲ್ಲಿ ನೀರು ಬಂತು.

ಎರಡು ಸಲ ಎಳೆದೆ. ಬಾ ಎಂದು. ಬರಲಿಲ್ಲ. ಮತ್ತೆ ಎರಡು ಸಲ ಎಳೆದೆ.

ಆ ಕಡೆಯಿಂದ ಹಗ್ಗ ಎರಡು ಸಲ ಎಳೆಯಿತು.

“ಓಹೋ, ನನಗೇ ಹೇಳಿಕೊಡ್ತೀಯೇನೇ ಮುದುಕಿ!” ಎಂದು ಬೈದೆ. ಬೈದೆನೇ ಹೊರತು, ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ. ಹೋಗಲಿ, ನಾಯಿ ಮೂಸಿಯೇ ದಾರಿ ಹಿಡಿದೀತು, ಈ ಮಂಜಿನಲ್ಲಿ ನನ್ನಿಂದಾಗದು ಎಂದು ಹಿಂದೆ ಹೊರಟೆ.

ಸ್ವಲ್ಪ ದೂರ ಹೋದ ಮೇಲೆ ನನ್ನ ಹಾಳು ಬುದ್ಧಿ ಕೆಲಸ ಮಾಡಿತು. ಕತ್ತಲಾಗುವ ಮೊದಲು ಮನೆ ಸೇರಬೇಕು, ಬಲಕ್ಕೆ ಇಳಿದು ಅಡ್ಡ ಹಾಯ್ದರೆ ಅರ್ಧ ದಾರಿ ಉಳಿಯುತ್ತದೆ ಎನಿಸಿ ಬಲಕ್ಕೆ ತಿರುಗಿದೆ. ಹತ್ತು ಹೆಜ್ಜೆ ಇಟ್ಟಿರಬೇಕು. ಹಗ್ಗ ಒಂದೇ ಒಂದು ಸಲ, ಗಟ್ಟಿಯಾಗಿ ಎಳೆಯಿತು. ನಿಂತುಬಿಟ್ಟೆ. ಎತ್ತಿದ್ದ ಕಾಲನ್ನು ಅಲ್ಲೇ ಇಳಿಸಿದೆ, ಅದು ಮೊಣಕಾಲಿನವರೆಗೆ ಹೂತುಹೋಯಿತು. ತಣ್ಣನೆಯ ಕೆಸರು. ಇನ್ನೊಂದು ಕಾಲು ಗಟ್ಟಿ ನೆಲದ ಮೇಲಿತ್ತು, ಅಷ್ಟೇ ನನ್ನ ಪುಣ್ಯ. ಹಗ್ಗವನ್ನೇ ಹಿಡಿದು ಜೋತುಬಿದ್ದು ಕಾಲು ಕಿತ್ತುಕೊಂಡೆ. ಚಪ್ಪಲಿ ಒಳಗೇ ಹೋಯಿತು. ನಾನು ದಪ್ಪ ಹೆಂಗಸು. ಅಷ್ಟು ಭಾರ ಜೋತುಬಿದ್ದರೂ ಹಗ್ಗ ಒಂದಿಂಚು ಸಡಿಲಾಗಲಿಲ್ಲ. ಹದಿನೈದು ಕಿಲೋ ತೂಗದ ಮುದಿನಾಯಿ ನನ್ನನ್ನು ಹೇಗೆ ತಡೆಯಿತು ಎಂದು ಆಗ ಯೋಚಿಸಲಿಲ್ಲ. ಯೋಚಿಸಲು ಧೈರ್ಯ ಬರಲಿಲ್ಲ ಎಂದರೂ ಸರಿಯೇ.

ಮತ್ತೆ ಎರಡು ಸಲ ಎಳೆಯಿತು. ಬಾಯಿ ಮುಚ್ಚಿಕೊಂಡು ಹೋದೆ.

ಆ ದಾರಿಯುದ್ದಕ್ಕೂ ಒಂದೊಂದೇ ಸಂಗತಿ ಮನಸ್ಸಿಗೆ ಬರತೊಡಗಿತು. ಕಮಲಿ ಹತ್ತು ಹೆಜ್ಜೆಗೊಮ್ಮೆ ನಿಂತು ಮೂಸುವವಳು, ಪೊದೆ ಕಂಡಲ್ಲಿ ಕೂರುವವಳು. ಇದು ಎಲ್ಲಿಯೂ ನಿಲ್ಲಲಿಲ್ಲ. ನನಗೆ ಉಸಿರು ಕಟ್ಟಿ ನಾನು ನಿಂತಾಗ ಮಾತ್ರ ನಿಂತಿತು. ಅವಳ ಬೆನ್ನು ಸವರಿದರೆ ಹೆದರಿಕೆ ಹೋದೀತೆಂದು ಓಡಿದೆ. ಹಗ್ಗ ಅಷ್ಟೇ ಬಿಗಿಯಾಗಿ ಅಷ್ಟೇ ಮುಂದೆ ಹೋಯಿತು. ನಿಂತು ಕೈಮೇಲೆ ಕೈ ಹಾಕಿ ಹಗ್ಗವನ್ನು ಎಳೆದುಕೊಳ್ಳಲು ನೋಡಿದೆ, ಬಂಡೆಗೆ ಕಟ್ಟಿದ ಹಾಗಿತ್ತು. ಕೈ ಬಿಟ್ಟುಬಿಡೋಣ ಎಂದರೆ ಟೀಚರಮ್ಮನ ಮುಖ ನೆನಪಾಗುತ್ತಿತ್ತು. ಎಲೆ ಶೆಡ್ಡಿನ ಹತ್ತಿರ ಭೋಜಣ್ಣನ ದನಿ ಕೇಳಿದಾಗ ಹೋದ ಜೀವ ಬಂದಂತಾಯಿತು. “ಏನಕ್ಕಾ, ನಾಯಿ ಭಾರಿ ಎಳೀತದೆ!” ಎಂದರು. ನಾನು ನಿಲ್ಲದೆ ಹಗ್ಗದ ಹಿಂದೆಯೇ ನಡೆದೆ. ಆಮೇಲೊಂದು ದಿನ ಕೇಳಿದೆ. ಅವರು ಕಂಡದ್ದು ಹಗ್ಗ ಮತ್ತು ನನ್ನನ್ನು ಮಾತ್ರ. ನಾಯಿ ಮುಂದೆ ಹೋಗಿರಬೇಕೆಂದು ತಾವೇ ಅಂದುಕೊಂಡರಂತೆ.

ಆರು ಗಂಟೆಯ ಹೊತ್ತಿಗೆ ನಮ್ಮ ಗೇಟು ಸಿಕ್ಕಿತು. ಗೇಟಿನ ಕಂಬಕ್ಕೆ ನಾಯಿ ಕಟ್ಟಲೆಂದೇ ಒಂದು ಕಬ್ಬಿಣದ ಗೂಟ ಹೊಡೆಸಿದ್ದೇನೆ. ಕೆಸರು ಕಾಲು ತೊಳೆಯದೆ ಯಾವ ನಾಯಿಯೂ ಒಳಗೆ ಬರುವಂತಿಲ್ಲ, ಮೊದಲು ಕಟ್ಟುವುದು, ಆಮೇಲೆ ಬಿಸಿನೀರು. ಅಭ್ಯಾಸವಾದ ಕೈ, ಯೋಚಿಸಲಿಲ್ಲ. ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿ ಬಿಗಿದು, ಒಳಗೆ ಹೋಗಿ ನೀರು ಕೇಳಿದೆ.

ಒಲೆಯ ಮುಂದೆ ಗೋಣಿಯ ಮೇಲೆ ಕಮಲಿ ಮಲಗಿ ನಿದ್ದೆ ಹೋಗಿದ್ದಳು.

“ಎಲ್ಲೋಗಿದ್ದಮ್ಮಿ ಇಷ್ಟೊತ್ತು?” ಎಂದರು ನಮ್ಮ ಯಜಮಾನರು. “ನಾಯಿ ಬಂದು ಒಂದು ಗಂಟೆ ಆಯ್ತು. ನೀನೇ ಮುಂದೆ ಕಳಿಸಿದ್ಯೇನೋ ಅಂತ ನಾನು ಸುಮ್ನಿದ್ದೆ.”

ಬೆಲ್ಟು ಅವಳ ಮೈಮೇಲೇ ಇತ್ತು. ಕಬ್ಬಿಣದ ಬಳೆ ನೆಟ್ಟಗಿತ್ತು, ಮುರಿದಿರಲಿಲ್ಲ, ಬಾಗಿರಲಿಲ್ಲ.

ನಾನು ಕಿಟಕಿಯ ಕಡೆ ಕೈ ತೋರಿಸಿದೆ. ಅಂಗಳದಲ್ಲಿ ಮಂಜು ತುಸು ತೆಳುವಾಗಿ ಗೇಟು ಕಾಣುತ್ತಿತ್ತು. ಕಂಬದಿಂದ ಹೊರಟ ಹಗ್ಗ ನೆಲ ಮುಟ್ಟದೆ, ನೇರವಾಗಿ, ಬಿಗಿಯಾಗಿ ಮಂಜಿನೊಳಗೆ ಹೋಗಿತ್ತು. ಇಬ್ಬರೂ ನೋಡುತ್ತಿದ್ದೆವು. ಅದು ಮೂರು ಸಲ ಎಳೆಯಿತು. ಗೇಟಿನ ಕಂಬ ಕಟಕಟ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ. ಜೋರಿಲ್ಲ, ಸಿಟ್ಟಿಲ್ಲ. ಬಾಗಿಲು ತಟ್ಟುವವರು ತಟ್ಟುವ ಹಾಗೆ.

ನಮ್ಮ ಯಜಮಾನರು ಹೊಲಕ್ಕೆ ಬಂದ ಕಾಟಿಗಳನ್ನು ಬರೀ ಟಾರ್ಚು ಹಿಡಿದು ಓಡಿಸಿದವರು. ಜಗುಲಿಯವರೆಗೆ ಹೋಗಿ ಟಾರ್ಚು ಬಿಟ್ಟರು, ಬೆಳಕು ಮಂಜಿನಲ್ಲಿ ನಿಂತಿತು. ಹಿಂದಕ್ಕೆ ಬಂದು, “ಬಾಗ್ಲು ಹಾಕು. ಬೆಳಗ್ಗೆ ನೋಡುಮ,” ಎಂದರು. ನಾನೇ ಅಗಣಿ ಹಾಕಿದೆ. ಕಂಬದ ಸದ್ದು ಇನ್ನೂ ಬಹಳ ಹೊತ್ತು, ಬಿಟ್ಟು ಬಿಟ್ಟು, ಕೇಳುತ್ತಿತ್ತು. ನಾನು ಕಮಲಿಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಿದ್ದೆ. ಆ ಪುಣ್ಯಾತ್ಗಿತ್ತಿಗೆ ಏನೂ ಕೇಳಿಸದು, ಗೊರಕೆ ಹೊಡೆಯುತ್ತಿದ್ದಳು. ಯಾವಾಗ ಸದ್ದು ನಿಂತಿತೋ ನೆನಪಿಲ್ಲ.

ಬೆಳಗ್ಗೆ ಹಗ್ಗ ದಾರಿಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಆ ತುದಿಯಲ್ಲಿ ನಾನು ಹಾಕಿದ ಗಂಟು ಹಾಗೇ ಇತ್ತು. ಒಂದೆಳೆಯೂ ಬಿಚ್ಚಿರಲಿಲ್ಲ, ಕುಣಿಕೆಯೊಳಗೆ ಏನೂ ಇರಲಿಲ್ಲ. “ನೀನು ಬಳೆಗೆ ಸರಿಯಾಗಿ ಹಾಕಿರಲಿಲ್ಲ, ಕುಣಿಕೆ ಯಾವುದೋ ಗಿಡಕ್ಕೆ ಸಿಕ್ಕಿಕೊಂಡಿರಬೇಕು,” ಎಂದರು ಯಜಮಾನರು. ಗಿಡ ಮೂರು ಕಿಲೋಮೀಟರ್ ನಡೆದುಕೊಂಡು ಬರುತ್ತದೆಯೇ ಎಂದು ಕೇಳಿದೆ. ಅವರು ಹಗ್ಗ ಸುತ್ತತೊಡಗಿದರು.

ಮಧ್ಯಾಹ್ನ ಟೀಚರಮ್ಮ ಬಂದರು. ಕಮಲಿ ಅವರ ಮುಖವನ್ನೆಲ್ಲ ನೆಕ್ಕಿದಳು. ಮುಚ್ಚಿಡಬೇಕೆಂದಿದ್ದೆ, ಆಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಅವರು ನಗಲಿಲ್ಲ.

“ಕಂಬಕ್ಕೆ ಕಟ್ಟಿದ ಮೇಲೆ ಎಷ್ಟು ಸರ್ತಿ ಎಳೀತು?” ಎಂದರು.

“ಮೂರು. ಪ್ರತಿ ಸಲವೂ ಮೂರು.”

ಅವರು ನಾಯಿಯ ತಲೆ ಸವರಿದರು. “ಅದನ್ನ ನಿಮಗೆ ನಾನು ಹೇಳಲೇ ಇಲ್ಲ. ಕಾಡಲ್ಲಿ ನೀವು ತಪ್ಪಿ ಎಳೆದುಬಿಟ್ರೆ ಅಂತ ಭಯ. ನಮ್ಮೂರ ಮೈದಾನದಲ್ಲಿ ಹಗ್ಗ ಬಿಚ್ಚಿ ಬಿಡುವಾಗ ಮಾತ್ರ ಹಾಗೆ ಎಳೀತೀನಿ. ಮೂರು ಅಂದ್ರೆ, ಬಿಟ್ಟಾಯ್ತು, ಹೋಗು ಅಂತ.”

ಇಷ್ಟೇ ನಡೆದದ್ದು. ಇದಕ್ಕೆ ಏನು ಹೇಳಬೇಕೋ ಇವತ್ತಿಗೂ ನನಗೆ ಗೊತ್ತಿಲ್ಲ. ಆ ತುದಿಯಲ್ಲಿ ಇದ್ದದ್ದು, ನಿನ್ನನ್ನು ಮನೆ ಮುಟ್ಟಿಸಿದೆ, ಇನ್ನು ನೀನು ಹೋಗು ಎಂದು ನನಗೆ ಹೇಳುತ್ತಿತ್ತೋ, ಅಥವಾ ನನ್ನನ್ನು ಬಿಟ್ಟುಬಿಡು ಎಂದು ಕೇಳಿಕೊಳ್ಳುತ್ತಿತ್ತೋ. ಮೊದಲನೆಯದಾದರೆ ಸರಿಯೇ ಹೋಯಿತು. ಎರಡನೆಯದಾದರೆ, ಕೆಸರಿನಿಂದ ನನ್ನನ್ನು ಎಳೆದು ಬದುಕಿಸಿದ್ದನ್ನು ನಾನು ಕಂಬಕ್ಕೆ ಕಟ್ಟಿ, ಬಾಗಿಲು ಹಾಕಿಕೊಂಡು, ಒಲೆಯ ಮುಂದೆ ಬೆಚ್ಚಗೆ ಕೂತಿದ್ದೆ. ಹೆದರಿಕೆ ಎಂದೋ ಹೋಯಿತು. ಈಗ ಉಳಿದಿರುವುದು ನಾಚಿಕೆ. ಅದು ಅಷ್ಟು ಹೊತ್ತು, ಅಷ್ಟು ತಾಳ್ಮೆಯಿಂದ ಕೇಳಿತಲ್ಲ. ಹತ್ತು ಹೆಜ್ಜೆ ಹೋಗಿ ಆ ಹಗ್ಗ ಬಿಚ್ಚಿ ಬರಲು ನನಗೇನು ದೊಡ್ಡ ರೋಗ ಬಂದಿತ್ತು?